ಫುಲ್ ಲೋಡ್‌ನಲ್ಲಿ ಪಾಸ್, ಒಂದೇ ಕೋರ್‌ನಲ್ಲಿ ಫೇಲ್: ನನ್ನ 5600ಎಕ್ಸ್ ಓವರ್‌ಕ್ಲಾಕ್ ಅನುಭವ

ನನ್ನ ಡೆಸ್ಕ್‌ಟಾಪ್‌ನಲ್ಲಿರುವುದು ಎಎಂಡಿ ರೈಜನ್ 5 5600ಎಕ್ಸ್ ಪ್ರೊಸೆಸರ್. ಆರು ಕೋರ್ (ಲೆಕ್ಕ ಮಾಡುವ ಘಟಕ), ಹನ್ನೆರಡು ಥ್ರೆಡ್. ಮದುವೆ ವಿಡಿಯೊ ಎಡಿಟಿಂಗ್ ನನ್ನ ಕೆಲಸ. ಓವರ್‌ಕ್ಲಾಕ್, ಅಂದರೆ ಪ್ರೊಸೆಸರ್‌ನ ವೇಗವನ್ನು (ಕ್ಲಾಕ್) ಕಂಪನಿ ಇಟ್ಟದ್ದಕ್ಕಿಂತ ಏರಿಸುವುದು, ಸರಿಯಿಲ್ಲದಿದ್ದರೆ ಕಂಪ್ಯೂಟರ್ ಕ್ರ್ಯಾಶ್ ಆಗಲೇಬೇಕು ಅಂತಿಲ್ಲ, ಒಳಗೊಳಗೇ ಲೆಕ್ಕ ತಪ್ಪಿ ಫೈಲ್ ಕೆಡಬಹುದು. ಕ್ರ್ಯಾಶ್‌ಗಿಂತ ನನಗೆ ಇದರ ಭಯವೇ ಜಾಸ್ತಿ.

ಬಯೋಸ್‌ನಲ್ಲಿ (ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್ ಪುಟಗಳು) ಎಎಂಡಿಯ ಓವರ್‌ಕ್ಲಾಕ್ ಸೌಲಭ್ಯವಾದ ಪಿಬಿಒ ಆನ್ ಮಾಡಿ ಬೂಸ್ಟ್ ಮಿತಿಯನ್ನು 200 ಮೆಗಾಹರ್ಟ್ಸ್ ಏರಿಸಿದೆ. ಕೋರ್‌ಗಳ ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಜರ್‌ನಲ್ಲಿ ಎಲ್ಲ ಕೋರ್‌ಗೂ ಮೈನಸ್ 20 ಕೊಟ್ಟು ಶುರು ಮಾಡಿದೆ. ಇಲ್ಲಿ ಒಂದು ಅಂಕಿ ಅಂದರೆ ಸುಮಾರು 3ರಿಂದ 5 ಮಿಲಿವೋಲ್ಟ್. ರ್ಯಾಮ್‌ನ ವೇಗ ಏರಿಸುವ ಎಕ್ಸ್‌ಎಂಪಿ ಆಫ್ ಮಾಡಿಟ್ಟೆ. ಪ್ರೊಸೆಸರ್, ರ್ಯಾಮ್ ಎರಡನ್ನೂ ಒಟ್ಟಿಗೆ ಏರಿಸಿದರೆ ಎರರ್ ಯಾವುದರಿಂದ ಬಂತು ಅಂತ ಗೊತ್ತಾಗುವುದೇ ಇಲ್ಲ.

ಮೊದಲು ಪ್ರೈಮ್95ನ ಸ್ಮಾಲ್ ಎಫ್‌ಎಫ್‌ಟಿ ಪರೀಕ್ಷೆ. ಪ್ರೈಮ್95 ಅಂದರೆ ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ತಂತ್ರಾಂಶ, 1996ರಿಂದ ಇದೆ. ದೊಡ್ಡ ದೊಡ್ಡ ಸಂಖ್ಯೆಗಳನ್ನು ದಶಮಾಂಶದ ಲೆಕ್ಕದಲ್ಲಿ ಗುಣಿಸುತ್ತದೆ. ಉತ್ತರ ಪೂರ್ಣಾಂಕದ ಹತ್ತಿರ ಬಂದು ನಿಲ್ಲಬೇಕು. 'ರೌಂಡಿಂಗ್ ವಾಸ್ 0.5, ಎಕ್ಸ್‌ಪೆಕ್ಟೆಡ್ ಲೆಸ್ ದ್ಯಾನ್ 0.4' ಅಂತ ಬಂದರೆ ಉತ್ತರ ಎರಡು ಪೂರ್ಣಾಂಕಗಳ ನಟ್ಟನಡುವೆ ಬಿದ್ದಿದೆ ಅಂತ ಅರ್ಥ. ಆಗ ಪ್ರೊಸೆಸರ್‌ನ ಲೆಕ್ಕವನ್ನು ನಂಬುವ ಹಾಗಿಲ್ಲ. ನನ್ನದು ರಾತ್ರಿಯಿಡೀ ಓಡಿ ಪಾಸಾಯಿತು.

ತುಂಬಾ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಎಲ್ಲ ಕೋರ್‌ಗಳೂ ದುಡಿಯುವಾಗ ಪವರ್ ಮತ್ತು ಬಿಸಿಯ ಮಿತಿ ಅಡ್ಡ ಬಂದು ಕ್ಲಾಕ್ ತಾನಾಗಿಯೇ ಇಳಿಯುತ್ತದೆ. ಒಂದೇ ಕೋರ್ ಹಗುರ ಕೆಲಸ ಮಾಡುವಾಗ ಅದು 4.85 ಗಿಗಾಹರ್ಟ್ಸ್ ತನಕ ಏರಲು ನೋಡುತ್ತದೆ. ನಾವು ಕಡಿಮೆ ಮಾಡಿದ ವೋಲ್ಟೇಜ್ ಸಾಲದೆ ಹೋಗುವುದು ಅಲ್ಲೇ. ಬ್ರೌಸರ್ ತೆರೆದಾಗ ರೀಸ್ಟಾರ್ಟ್ ಆಗಿ, ರೆಂಡರ್ ಮಾತ್ರ ಸಲೀಸಾಗಿ ಮುಗಿಯುವುದಕ್ಕೆ ಇದೇ ಕಾರಣ.

ಹಾಗಾಗಿ ಕೋರ್‌ಸೈಕ್ಲರ್ ಹಾಕಿದೆ. ಇದು ಪ್ರೈಮ್95ನ್ನೇ ಒಂದು ಸಲಕ್ಕೆ ಒಂದು ಕೋರ್ ಮೇಲೆ ಓಡಿಸುವ ಸ್ಕ್ರಿಪ್ಟ್. ಎಸ್‌ಎಸ್‌ಇ (ಹಳೆಯ, ಹಗುರವಾದ ಸೂಚನೆಗಳ) ಮೋಡ್‌ನಲ್ಲಿಟ್ಟರೆ ಬಿಸಿ ಕಡಿಮೆ, ಕ್ಲಾಕ್ ಜಾಸ್ತಿ. ಬೇಗನೆ ಕೋರ್ 3 ಎರರ್ ಕೊಟ್ಟಿತು. ಹಾರ್ಡ್‌ವೇರ್ ಮಾಹಿತಿ ತೋರಿಸುವ ಎಚ್‌ಡಬ್ಲ್ಯುಇನ್ಫೊದಲ್ಲಿ ನೋಡಿದರೆ ನನ್ನ ಚಿಪ್‌ನ ಅತ್ಯುತ್ತಮ ಕೋರ್ ಅದೇ! ಇದು ವಿಚಿತ್ರವಲ್ಲ. ಒಳ್ಳೆಯ ಕೋರ್‌ಗೆ ಫ್ಯಾಕ್ಟರಿಯಲ್ಲೇ ವೋಲ್ಟೇಜ್ ಬಿಗಿಯಾಗಿ ಕೊಟ್ಟಿರುತ್ತಾರೆ, ಇನ್ನೂ ಇಳಿಸಲು ಜಾಗವಿರುವುದಿಲ್ಲ. ಅದನ್ನು ಮೈನಸ್ 8ಕ್ಕೆ ತಂದೆ, ಇನ್ನೊಂದನ್ನು ಮೈನಸ್ 14ಕ್ಕೆ. ಉಳಿದವು 20ರಲ್ಲೇ ನಿಂತವು.

ನಮ್ಮ ಕಡೆ ಕರೆಂಟ್ ಹೋಗಿ ಬರುವುದು ಮಾಮೂಲಿ. ಬೆಳಿಗ್ಗೆ ಎದ್ದು ನೋಡುವಾಗ ಕಂಪ್ಯೂಟರ್ ರೀಸ್ಟಾರ್ಟ್ ಆಗಿದ್ದರೆ ಕರೆಂಟ್ ಹೋಗಿತ್ತಾ, ಕ್ರ್ಯಾಶ್ ಆಯಿತಾ? ವಿಂಡೋಸ್‌ನ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಅನ್ನುವ ನಮೂದು ಎರಡಕ್ಕೂ ಬರುತ್ತದೆ, ಅದೊಂದನ್ನೇ ನೋಡಿ ಏನೂ ಹೇಳಲಾಗದು. ಜೊತೆಗೆ ಡಬ್ಲ್ಯುಎಚ್‌ಇಎ-ಲಾಗರ್ 18 ಅನ್ನುವ ಹಾರ್ಡ್‌ವೇರ್ ದೋಷದ ನಮೂದು ಇದ್ದರೆ ಮಾತ್ರ ಹಾರ್ಡ್‌ವೇರ್ ಎರರ್ ಖಚಿತ. ಅದರೊಳಗಿನ ಎಪಿಐಸಿ ಐಡಿ (ಪ್ರತಿ ಥ್ರೆಡ್‌ನ ಗುರುತಿನ ಸಂಖ್ಯೆ) ಯಾವ ಕೋರ್ ಅನ್ನುವುದನ್ನೂ ಹೇಳುತ್ತದೆ. ನನ್ನ ಚಿಪ್‌ನಲ್ಲಿ 6 ಅಥವಾ 7 ಬಂದರೆ ಕೋರ್ 3, ಸೊನ್ನೆಯಿಂದ ಎಣಿಸಿದರೆ. ಟೆಸ್ಟ್ ಮಾಡುವಾಗ ಯುಪಿಎಸ್ ಇರಲೇಬೇಕು ಅಂತ ನಾನು ಹೇಳುವುದು ಇದಕ್ಕೇ.

ಸುಮ್ನೆ ಡೆಸ್ಕ್‌ಟಾಪ್ ತೆರೆದಿಟ್ಟು ಒಂದು ರಾತ್ರಿ ಬಿಟ್ಟೆ, ಸ್ಲೀಪ್‌ಗೆ ಹಾಕಿ ಎಬ್ಬಿಸಿದೆ. ಐಡಲ್‌ನಿಂದ (ಕೆಲಸವಿಲ್ಲದ ಸ್ಥಿತಿ) ಥಟ್ಟನೆ ಬೂಸ್ಟ್‌ಗೆ ಜಿಗಿಯುವ ಕ್ಷಣವನ್ನೂ ನೋಡಬೇಕಲ್ವಾ. ಚಳಿಗಾಲದಲ್ಲಿ ಪಾಸಾದ ಸೆಟ್ಟಿಂಗನ್ನು ಏಪ್ರಿಲ್ ಬಿಸಿಲಲ್ಲಿ ಮತ್ತೆ ಓಡಿಸಿದೆ. ಆಗ ಫುಲ್ ಲೋಡ್‌ನಲ್ಲಿ 88 ಡಿಗ್ರಿ. ಈ ಚಿಪ್‌ನ ಮಿತಿ 95, ಹಾಗಾಗಿ ಫ್ಯಾನ್ ಕರ್ವ್ ಸ್ವಲ್ಪ ಏರಿಸಿದ್ದು ಬಿಟ್ಟರೆ ಬೇರೇನೂ ಮುಟ್ಟಲಿಲ್ಲ.

ಕೊನೆಗೆ ಎಕ್ಸ್‌ಎಂಪಿ ಆನ್ ಮಾಡಿ, ರ್ಯಾಮ್ ನಿಭಾಯಿಸುವ ಮೆಮೊರಿ ಕಂಟ್ರೋಲರ್ ಪರೀಕ್ಷೆಗೆ ಪ್ರೈಮ್95ನ ಲಾರ್ಜ್ ಎಫ್‌ಎಫ್‌ಟಿ ಓಡಿಸಿದೆ. ಅದೂ ಪಾಸಾದ ಮೇಲೆ ಬಯೋಸ್ ಪುಟಗಳ ಫೋಟೊ ಮೊಬೈಲ್‌ನಲ್ಲಿ ತೆಗೆದಿಟ್ಟೆ. ಬಯೋಸ್ ಅಪ್‌ಡೇಟ್ ಮಾಡಿದರೆ ಸೆಟ್ಟಿಂಗ್ ಅಳಿಸಿಹೋಗಬಹುದು. ಆಗ ಅದೇ ಅಂಕಿಗಳನ್ನು ಹಾಕಿದರೂ ಕೋರ್‌ಸೈಕ್ಲರ್ ಮತ್ತೆ ಒಂದು ಸುತ್ತು ಓಡಿಸಿಯೇ ಕೆಲಸಕ್ಕೆ ಕೂರುತ್ತೇನೆ.