ಮಗುವಿನ ಫೋಟೊಗಳಲ್ಲಿ ಗಡ್ಡೆಯ ಸುಳಿವು ಹುಡುಕುವುದು ಹೇಗೆ?

ಮುಖದ ಫೋಟೊ ನೋಡಿ ಮಗುವಿನ ಮೆದುಳಿನಲ್ಲಿ ಗಡ್ಡೆ ಇದೆಯೆಂದು ಖಚಿತವಾಗಿ ಹೇಳಲಾಗದು. ಆ ಕೆಲಸಕ್ಕೆ ಎಂಆರ್‌ಐ ಬೇಕು. ಆದರೆ ತಲೆಬುರುಡೆಯೊಳಗೆ ಒತ್ತಡ ಏರಿದಾಗ, ಅಥವಾ ಕಣ್ಣು ಮತ್ತು ಮುಖಕ್ಕೆ ಸಾಗುವ ನರಗಳನ್ನು ಗಡ್ಡೆ ಅದುಮಿದಾಗ ಆಗುವ ಬದಲಾವಣೆಗಳು ಮನೆಯವರ ಗಮನಕ್ಕೆ ಬರುವ ಮೊದಲೇ ಫೋಟೊಗಳಲ್ಲಿ ಉಳಿದಿರಬಹುದು. ದಿನವೂ ನೋಡುವ ಮುಖ ನಿಧಾನವಾಗಿ ಬದಲಾದರೆ ಮನೆಯವರಿಗೇ ತಿಳಿಯುವುದು ಕಡೆಗೆ. ತಜ್ಞರು ಹಳೆಯ ಆಲ್ಬಮ್ ತರಿಸಿ ನೋಡುವುದು ಈ ಕಾರಣಕ್ಕೇ.

ಮೊದಲು, ನಾಮಕರಣದಿಂದ ಈಚಿನ ಹುಟ್ಟುಹಬ್ಬದವರೆಗಿನ ಫೋಟೊಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ. ಮುಖ ನೇರವಾಗಿ ಕಾಣುವ, ಫಿಲ್ಟರ್ ಹಾಕದ ಮೂಲ ಚಿತ್ರಗಳನ್ನಷ್ಟೇ ಆರಿಸಿಕೊಳ್ಳಿ. ಸೆಲ್ಫಿಗಳ ಬಗ್ಗೆ ಎಚ್ಚರವಿರಲಿ: ಕೆಲವು ಫೋನ್‌ಗಳು ಅವನ್ನು ಕನ್ನಡಿಯ ಬಿಂಬದಂತೆ ಉಳಿಸುವುದರಿಂದ ಎಡ ಬಲ ಅದಲುಬದಲಾಗಿ, ಯಾವ ಕಣ್ಣು ವಾಲಿದೆ ಎಂಬುದೇ ತಪ್ಪಿಹೋಗುತ್ತದೆ.

ಎರಡನೆಯದಾಗಿ, ಫ್ಲ್ಯಾಷ್ ಹಾಕಿ ತೆಗೆದ ಚಿತ್ರಗಳಲ್ಲಿ ಕಣ್ಣಿನ ಪಾಪೆಯ ಬಣ್ಣ ನೋಡಿ. ಬೆಳಕು ಕಣ್ಣಿನ ಹಿಂಬದಿಗೆ ತಗುಲಿ ಮರಳುವಾಗ ಎರಡೂ ಪಾಪೆಗಳು ಒಂದೇ ತೆರನಾಗಿ ಕೆಂಪಗೆ ಕಾಣಬೇಕು. ಒಂದರಲ್ಲಿ ಬಿಳಿ ಅಥವಾ ಹಳದಿ ಹೊಳಪು ಬೆಕ್ಕಿನ ಕಣ್ಣಿನಂತೆ ಮಿನುಗುತ್ತಿದ್ದರೆ ಅದು ಕಣ್ಣಿನ ಪೊರೆಯಿಂದಾಗಿರಬಹುದು, ರೆಟಿನೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್‌ನಿಂದಲೂ ಆಗಿರಬಹುದು. ಸುಮಾರು 15,000ದಿಂದ 20,000 ಜನನಗಳಿಗೆ ಒಂದರಂತೆ ಕಾಣಿಸಿಕೊಳ್ಳುವ ಈ ಗಡ್ಡೆ ಹುಟ್ಟುವುದು ಕಣ್ಣಿನ ಹಿಂಬದಿಯ ಬೆಳಕು ಗ್ರಹಿಸುವ ಪದರವಾದ ಅಕ್ಷಿಪಟಲದಲ್ಲಿ. ಭ್ರೂಣದಲ್ಲಿ ಅಕ್ಷಿಪಟಲವು ಮೆದುಳಿನದೇ ಚಾಚಿಕೆಯಾಗಿ ಬೆಳೆಯುತ್ತದೆ. ವಿರಳವಾಗಿ ಇದರ ಜೊತೆಗೆ ಮೆದುಳಿನ ಪೀನಿಯಲ್ ಗ್ರಂಥಿಯಲ್ಲೂ ಗಡ್ಡೆ ಬರುವುದುಂಟು.

ಈ ಬಿಳಿ ಹೊಳಪನ್ನು ಸಾಫ್ಟ್‌ವೇರ್‌ನಿಂದ ಗುರುತಿಸುವ ಪ್ರಯತ್ನ ನಡೆದಿರುವುದು ಅಮೆರಿಕದ ಟೆಕ್ಸಸ್‌ನಲ್ಲಿ. ಬೇಲರ್ ವಿಶ್ವವಿದ್ಯಾಲಯದ ರಸಾಯನವಿಜ್ಞಾನಿ ಬ್ರಯಾನ್ ಶಾ ಅವರ ಮಗನಿಗೆ ಈ ಕಾಯಿಲೆ ಪತ್ತೆಯಾದ ಮೇಲೆ ಮನೆಯ ಫೋಟೊಗಳನ್ನು ತಿರುವಿ ಹಾಕಿದಾಗ, ಮಗು 12 ದಿನದ್ದಾಗಿದ್ದಾಗಲೇ ಬಿಳಿ ಹೊಳಪು ಕಂಡಿತ್ತು. ಅವರ ತಂಡ ರೂಪಿಸಿದ ‘ಕ್ರೇಡಲ್’ ಆ್ಯಪ್ ಅನ್ನು 40 ಮಕ್ಕಳ 52,982 ಫೋಟೊಗಳ ಮೇಲೆ ಪರೀಕ್ಷಿಸಿದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಕಣ್ಣಿನ ಕಾಯಿಲೆಯಿದ್ದ 20 ಮಕ್ಕಳಲ್ಲಿ 16 ಮಂದಿಯ ಫೋಟೊಗಳಲ್ಲಿ, ವೈದ್ಯರು ರೋಗ ಗುರುತಿಸುವುದಕ್ಕೆ ಸರಾಸರಿ 1.3 ವರ್ಷ ಮೊದಲೇ ಆ್ಯಪ್ ಹೊಳಪನ್ನು ಹಿಡಿದಿತ್ತು. ಉಳಿದ ನಾಲ್ವರಲ್ಲಿ ಹಿಡಿಯಲಿಲ್ಲ ಎಂಬುದನ್ನೂ ಮರೆಯಬಾರದು. ಆ್ಯಪ್ ಏನೂ ಇಲ್ಲ ಎಂದಿತೆಂದು ನಿಶ್ಚಿಂತರಾಗುವಂತಿಲ್ಲ.

ಹೊಸದಾಗಿ ಫೋಟೊ ತೆಗೆಯುವುದಾದರೆ ಮಂದ ಬೆಳಕಿನ ಕೋಣೆಯಲ್ಲಿ, ಕೆಂಪುಗಣ್ಣು ಅಳಿಸುವ ಸೌಲಭ್ಯವನ್ನು ನಿಲ್ಲಿಸಿ, ಒಂದೆರಡು ಮೀಟರ್ ದೂರದಿಂದ ಫ್ಲ್ಯಾಷ್ ಹಾಕಿ ತೆಗೆಯಿರಿ. ಮಗು ನೇರ ನೋಡುವಾಗ, ಎಡಕ್ಕೆ, ಬಲಕ್ಕೆ ಮತ್ತು ಮೇಲಕ್ಕೆ ನೋಡುವಾಗ ಬೇರೆಬೇರೆ ಚಿತ್ರಗಳಿರಲಿ. ಕಣ್ಣು ಮೂಗಿನ ಕಡೆಗೆ ಸುಮಾರು 15 ಡಿಗ್ರಿ ಹೊರಳಿದ್ದಾಗ ಬೆಳಕು ನೇತ್ರನರದ ಬಿಳಿ ಬಿಲ್ಲೆಗೆ ಬಡಿದು ಆರೋಗ್ಯವಂತ ಕಣ್ಣೂ ಬೆಳ್ಳಗೆ ಹೊಳೆಯುವುದುಂಟು. ಹಾಗೆಂದು ಬಿಳಿ ಹೊಳಪು ಕಂಡಾಗ ಇದೇ ಕಾರಣವಿರಬೇಕೆಂದು ಮನೆಯಲ್ಲೇ ತೀರ್ಮಾನಿಸಿ ಕೂರಬೇಡಿ, ಕಣ್ಣಿನ ವೈದ್ಯರಿಗೆ ತೋರಿಸಿ.

ಮೂರನೆಯದು ಮೆಳ್ಳೆಗಣ್ಣು. ಫ್ಲ್ಯಾಷ್‌ನ ಬಿಳಿ ಚುಕ್ಕೆ ಎರಡೂ ಕಣ್ಣುಗಳಲ್ಲಿ ಒಂದೇ ಜಾಗದಲ್ಲಿ ಬಿದ್ದಿದೆಯೇ ನೋಡಿ. ಚುಕ್ಕೆ ಒಂದು ಮಿಲಿಮೀಟರ್ ಸರಿದಿದ್ದರೆ ಕಣ್ಣು ಸುಮಾರು 7 ಡಿಗ್ರಿ ವಾಲಿದೆ ಎಂದರ್ಥ. ಮೂಗಿನ ಬುಡ ಅಗಲವಿರುವ ಎಳೆಯ ಮಕ್ಕಳಲ್ಲಿ ಕಣ್ಣು ವಾಲಿದಂತೆ ಕಂಡರೂ ಚುಕ್ಕೆಗಳು ಸರಿಯಾಗಿರುತ್ತವೆ. ಮೆಳ್ಳೆಗಣ್ಣಿಗೆ ಹೆಚ್ಚಿನ ಮಕ್ಕಳಲ್ಲಿ ಗಡ್ಡೆ ಕಾರಣವಲ್ಲ. ಆದರೆ ಕಳೆದ ವರ್ಷದ ಚಿತ್ರಗಳಲ್ಲಿ ನೇರವಾಗಿದ್ದ ಕಣ್ಣು ಈಗ ಒಳಕ್ಕೆ ತಿರುಗಿದ್ದರೆ, ಅದು ತಲೆಯೊಳಗಿನ ಒತ್ತಡದಿಂದ, ಕಣ್ಣನ್ನು ಹೊರಕ್ಕೆ ತಿರುಗಿಸುವ ಆರನೆಯ ಕಪಾಲ ನರ ಸೋತಿರುವುದರ ಗುರುತೂ ಆಗಬಹುದು. ಮೆಳ್ಳೆಗಣ್ಣು ಅದೃಷ್ಟ ಎಂದು ಹಿರಿಯರು ಹೇಳುವ ಮಾತನ್ನು ಇಲ್ಲಿ ಬದಿಗಿಡುವುದು ಒಳ್ಳೆಯದು.

ಚಿತ್ರಗಳಲ್ಲಿ ತಲೆ ಸದಾ ಒಂದೇ ಪಕ್ಕಕ್ಕೆ ವಾಲಿರುವುದು, ಒಂದು ರೆಪ್ಪೆ ಜೋತಿರುವುದು, ಪಾಪೆಗಳ ಗಾತ್ರ ಬೇರೆಯಾಗಿರುವುದು, ಹಸುಗೂಸಿನ ಕಣ್ಣುಗಳು ಮುಳುಗುವ ಸೂರ್ಯನಂತೆ ಕೆಳಕ್ಕೆ ಇಳಿದಿರುವುದು, ಇವೆಲ್ಲವನ್ನೂ ಗುರುತು ಹಾಕಿಕೊಳ್ಳಿ. ನಗುವಾಗ ಬಾಯಿ ಒಂದೇ ಕಡೆ ಎಳೆಯುತ್ತಿದೆಯೇ ಎಂದು ತಿಳಿಯಲು ಫೋಟೊಗಿಂತ ವಿಡಿಯೊ ಒಳ್ಳೆಯದು. ಇವುಗಳ ಜೊತೆಗೆ ಬೆಳಗ್ಗೆ ಎದ್ದ ಕೂಡಲೇ ತಲೆನೋವು, ವಾಂತಿ ಅಥವಾ ನಡಿಗೆಯಲ್ಲಿ ತೂರಾಟ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ವೈದ್ಯರಿಗೆ ಕಳುಹಿಸುವಾಗ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳುಹಿಸಿದರೆ ವಿವರ ಕುಗ್ಗುವುದರಿಂದ ಡಾಕ್ಯುಮೆಂಟ್ ಆಗಿ ಕಳುಹಿಸಿ, ದಿನಾಂಕ ಬರೆಯಿರಿ. ಬೆಂಗಳೂರಿನಲ್ಲಿ ಕಣ್ಣಿಗೆ ಮಿಂಟೊ, ಮೆದುಳಿಗೆ ನಿಮ್ಹಾನ್ಸ್, ಕ್ಯಾನ್ಸರ್‌ಗೆ ಕಿದ್ವಾಯಿ ಸರ್ಕಾರಿ ಸಂಸ್ಥೆಗಳಿವೆ. ಕಣ್ಣಿಗೆ ಹನಿ ಹಾಕಿ ಪಾಪೆ ಹಿಗ್ಗಿಸಿ ನೋಡುತ್ತಾರೆ. ಎಂಆರ್‌ಐ ಬೇಕಾದರೆ ಅಲುಗಾಡದೆ ಮಲಗಲಾರದ ಮಗುವಿಗೆ ನಿದ್ರೆ ಬರುವ ಔಷಧಿ ಕೊಡುವುದು ವಾಡಿಕೆ. ರೆಟಿನೋಬ್ಲಾಸ್ಟೋಮಾ ಎಂದು ಖಚಿತವಾದರೆ ಅದು ವಂಶವಾಹಿಯಿಂದಲೂ ಬರುವುದರಿಂದ ಒಡಹುಟ್ಟಿದವರ ಕಣ್ಣುಗಳನ್ನೂ ತೋರಿಸಬೇಕಾಗುತ್ತದೆ.