ಸಾವಿರ ನೋವಾಕರ ನಡುವೆ ಒಬ್ಬ ನೋವಾಕ್: ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಕೆಲಸ ಆಯಿತು. ಪೋಲೆಂಡಿನ ಪೋಷಕ ನಟ ಯೆಜಿ ನೋವಾಕ್ ಅವರ ಸಿನಿಮಾ ಪಾತ್ರಗಳ ಪಟ್ಟಿ ಈಗ ನನ್ನ ಕೈಯಲ್ಲಿದೆ. ಒಂದೊಂದು ಸಾಲಿಗೂ ಕನಿಷ್ಠ ಎರಡು ಪುರಾವೆ ಇಟ್ಟಿದ್ದೇನೆ. ಎರಡೂವರೆ ವರ್ಷ ಹಿಡಿಯಿತು. "ಚಿಕ್ಕ ಪಾತ್ರದವರ ಪಟ್ಟಿ ಮಾಡೋದೇ ಕಷ್ಟ. ಅದೂ ಬೇರೆ ದೇಶದ್ದು, ಅದೂ ನೋವಾಕ್ ಅನ್ನೋ ಹೆಸರಿನವರದ್ದು. ಯಾಕೆ ಬೇಕು ಮಾರಾಯ?" ಎಂದು ಸಾಗರದ ಗೆಳೆಯ ಫೋನಿನಲ್ಲಿ ಬೈದಿದ್ದ. ಅವನೂ ಇಂಥದ್ದೇ ಪಟ್ಟಿಗಳನ್ನು ಮಾಡುವವನು. ಇಲ್ಲಿ ಕ್ರಾಕೋವ್‌ನಲ್ಲಿ ನನ್ನ ಮಹಡಿಯಲ್ಲೇ ಇರುವ ನಿವೃತ್ತ ಮೇಷ್ಟ್ರು ಅಷ್ಟು ಬಿಡಿಸಿ ಹೇಳಲಿಲ್ಲ. ನಿಮಗೆ ಪೋಲಿಷ್ ಇನ್ನೂ ಸಾಲದು ಎಂದಷ್ಟೇ ಹೇಳಿದರು. ಅವರು ಹೇಳಿದ್ದು ನಿಜವೇ ಆಗಿತ್ತು. ಆದರೆ ಕೊನೆಗೆ ದಾರಿ ತೋರಿಸಿದ್ದು ಪೋಲಿಷ್ ಅಲ್ಲ, ಕನ್ನಡ. ಅದು ಹೇಗೆಂದು ಮುಂದೆ ಹೇಳುತ್ತೇನೆ.

ನೋವಾಕ್ 1923ರಲ್ಲಿ ಹುಟ್ಟಿದವರು, 2013ರಲ್ಲಿ ತೀರಿಕೊಂಡರು. ಕ್ರಾಕೋವ್‌ನ 'ಸ್ತಾರಿ ತೇಆತ್ರ್', ಅಂದರೆ ಹಳೇ ರಂಗಮಂದಿರದ ನಟ. ಪೋಲಿಷ್ ನಿರ್ದೇಶಕ ವಾಯ್ದಾ 1975ರಲ್ಲಿ ತೆಗೆದ 'ವಾಗ್ದತ್ತ ಭೂಮಿ'ಯಲ್ಲಿ ನಾನು ಅವರನ್ನು ಮೊದಲ ಸಲ ಗಮನಿಸಿದೆ. ಸುಮಾರು 3 ಗಂಟೆಯ ಸಿನಿಮಾ. ವುಚ್ ನಗರದ ಬಟ್ಟೆ ಗಿರಣಿಗಳ ಕಥೆ. (ಮ್ಯಾಪಿನಲ್ಲಿ ನಾವು ಲೋಡ್ಜ್ ಎಂದು ಓದುವ ಊರು, ಇಲ್ಲಿಯವರ ಬಾಯಲ್ಲಿ ವುಚ್.) ಅದರಲ್ಲಿ ನೋವಾಕ್ ಅವರದು ತ್ಸುಕರ್ ಎಂಬ ಗಿರಣಿ ಮಾಲೀಕನ ಪಾತ್ರ. ಹೆಂಡತಿಗೆ ನಾಯಕನ ಜೊತೆ ಸಂಬಂಧ ಇದೆಯೋ ಇಲ್ಲವೋ ಎಂದು ತಿಳಿಯಲು ಅವನು ನಾಯಕನಿಂದಲೇ ಆಣೆ ಮಾಡಿಸುತ್ತಾನೆ. ನಾಯಕ ಚೆನ್ಸ್ತೊಹೋವಾದ ಮೇರಿಮಾತೆಯ ಪಟ ಹಿಡಿದು ಸುಳ್ಳು ಆಣೆ ಇಡುತ್ತಾನೆ. ಆಗ ತ್ಸುಕರ್‌ನ ಮುಖ ನೋಡಬೇಕು! ನಂಬಬೇಕೆಂಬ ಆಸೆ, ನಂಬಲಾಗದ ಸಂಕಟ, ಎರಡೂ ಒಟ್ಟಿಗೆ ಬರುತ್ತವೆ. ಮೂವರು ನಾಯಕರಿರುವ ಸಿನಿಮಾದಲ್ಲಿ ನನಗೆ ಉಳಿದದ್ದು ಆ ಮುಖ. ಇವರು ಇನ್ನೂ ಎಲ್ಲೆಲ್ಲಿ ಇದ್ದಾರೆ ಎಂದು ಹುಡುಕತೊಡಗಿದ್ದು ಅಂದೇ ರಾತ್ರಿ.

ಗೊತ್ತಿರುವುದು ಬೇಗ ಸಿಕ್ಕಿತು. ಕೀಶ್ಲೋವ್ಸ್ಕಿಯ 'ಅಮಾತೋರ್' (1979) ಚಿತ್ರದಲ್ಲಿ ಓಸುಖ್. ನಾಯಕ ತೆಗೆದ ಸಿನಿಮಾದಿಂದಾಗಿಯೇ ಕೆಲಸ ಕಳೆದುಕೊಳ್ಳುವ ಹಿರಿಯ. ಅದೇ ನಿರ್ದೇಶಕನ 'ಬಿಳಿ'ಯಲ್ಲಿ (1994) ಜಮೀನು ಮಾರುವ ಮುದಿ ರೈತ. ಕ್ರಾಕೋವ್‌ನಲ್ಲೇ ಚಿತ್ರೀಕರಣವಾದ 'ಷಿಂಡ್ಲರ್ಸ್ ಲಿಸ್ಟ್'ನಲ್ಲಿ ಹಣ ಹೂಡುವ ಇಬ್ಬರು ಯೆಹೂದಿಗಳಲ್ಲಿ ಒಬ್ಬ. ಇಷ್ಟು ಯಾರಿಗಾದರೂ ಸಿಗುತ್ತದೆ. ಕಷ್ಟ ಇರುವುದು ಉಳಿದವುಗಳಲ್ಲಿ. ಒಂದು ನಿಮಿಷ ಬಂದು ಹೋಗುವ ವೈದ್ಯ, ಗುಮಾಸ್ತ, ಪಾದ್ರಿ. ಟೈಟಲ್ ಕಾರ್ಡಿನಲ್ಲಿ 'ಉಳಿದ ಪಾತ್ರಗಳಲ್ಲಿ' ಎಂದು ಹಾಕಿ ಇಪ್ಪತ್ತು ಹೆಸರು ಒಟ್ಟಿಗೆ ತೋರಿಸುತ್ತಾರಲ್ಲ, ಅವು.

ಮೊದಲ ಸೋಲು: ಮುಖ ಗುರುತಿಸುವ ಸಾಫ್ಟ್‌ವೇರ್. ನನ್ನ ಹೊಟ್ಟೆಪಾಡಿನ ಕೆಲಸವೂ ಅದೇ ಕ್ಷೇತ್ರದ್ದು, ಹಾಗಾಗಿ ಧೈರ್ಯ ಜಾಸ್ತಿ ಇತ್ತು. ಬಾಡಿಗೆ ಸರ್ವರ್ ಹಿಡಿದು ನಲವತ್ತು ಚಿಲ್ಲರೆ ಸಿನಿಮಾಗಳ ಫ್ರೇಮುಗಳನ್ನು ಒಂದು ವಾರ ಓಡಿಸಿದೆ. 350 ಜ್ವೋತಿ ಖರ್ಚಾಯಿತು. ಒಂದು ಜ್ವೋತಿಗೆ ಆಗ ಇಪ್ಪತ್ತು ರೂಪಾಯಿ ಚಿಲ್ಲರೆ. 200ಕ್ಕಿಂತ ಹೆಚ್ಚು 'ನೋವಾಕ್'ಗಳು ಸಿಕ್ಕರು. ಕೂತು ನೋಡಿದರೆ ಎಲ್ಲರೂ ಗಡ್ಡದವರು! ಹತ್ತೊಂಬತ್ತನೇ ಶತಮಾನದ ಕಥೆ ಎಂದ ಮೇಲೆ ಅಂಟಿಸಿದ ಗಡ್ಡ, ಕೆನ್ನೆಮೀಸೆ, ವಿಗ್ ಇರಲೇಬೇಕು. ಐವತ್ತು ದಾಟಿದ ಯಾರಿಗೆ ಗಡ್ಡ ಅಂಟಿಸಿದರೂ ಮೆಷಿನ್ ಕಣ್ಣಿಗೆ ನೋವಾಕ್. ಗಡ್ಡದ ಭಾಗ ಬಿಟ್ಟು ಕಿವಿ ಮಾತ್ರ ಹೋಲಿಸಿ ನೋಡಿದೆ. ಸ್ವಲ್ಪ ಸುಧಾರಿಸಿತು. ಆದರೆ ಚಿಕ್ಕ ಪಾತ್ರದವರ ಕಿವಿಗೆ ಫೋಕಸ್ ಯಾರು ಕೊಡುತ್ತಾರೆ? ಹೆಚ್ಚಿನ ಫ್ರೇಮಿನಲ್ಲಿ ಕಿವಿ ಮಸುಕು.

ಎರಡನೇ ಸೋಲು ಧ್ವನಿಯದು. ಅವರದೇ ಧ್ವನಿಯ ರೆಕಾರ್ಡಿಂಗ್ ಇಟ್ಟುಕೊಂಡು ಸಿನಿಮಾದ ಮಾತಿಗೆ ಹೋಲಿಸಿದೆ. ಎರಡು ತಿಂಗಳು ಹೋಯಿತು. ಆಮೇಲೆ ಗೊತ್ತಾಯಿತು, ಆ ಕಾಲದ ಪೋಲಿಷ್ ಸಿನಿಮಾಗಳಲ್ಲಿ ಮಾತನ್ನು ಬಹುಪಾಲು ನಂತರ ಸ್ಟುಡಿಯೋದಲ್ಲಿ ಸೇರಿಸುತ್ತಿದ್ದರು. ಚಿಕ್ಕ ಪಾತ್ರಕ್ಕೆ ಬೇರೆ ನಟ ದನಿ ಕೊಡುವುದೂ ಮಾಮೂಲು. ಮುಖ ಒಬ್ಬರದು, ಗಂಟಲು ಇನ್ನೊಬ್ಬರದು. ಡಬ್ಬಿಂಗ್ ನೋಡಿ ಬೆಳೆದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಆ ಎರಡು ತಿಂಗಳು ಪೂರ್ತಿ ನಷ್ಟವೇನಲ್ಲ, ಬೇರೆ ಎರಡು ನಟರ ದನಿ ಎಲ್ಲೆಲ್ಲಿ ಅಡಗಿದೆ ಎಂಬ ಟಿಪ್ಪಣಿ ನನ್ನಲ್ಲಿ ಉಳಿದಿದೆ. ಅದು ಇನ್ನೊಂದು ಬರಹದ ಮಾತು.

ಮೂರನೆಯದು ಹೆಸರಿನ ಸಮಸ್ಯೆ, ಎಲ್ಲಕ್ಕಿಂತ ದೊಡ್ಡದು. ಪೋಲೆಂಡಿನಲ್ಲಿ ಅತಿ ಹೆಚ್ಚು ಜನರಿಗಿರುವ ಮನೆತನದ ಹೆಸರು ನೋವಾಕ್. 'ಹೊಸಬ' ಎಂಬ ಅರ್ಥದ ಮಾತಿನಿಂದ ಬಂದದ್ದು. ಊರಿಗೆ ಹೊಸದಾಗಿ ಬಂದವರೆಲ್ಲ ನೋವಾಕ್ ಆದರೆ ಸಂಖ್ಯೆ ಎಷ್ಟಾಗುತ್ತದೆ ಲೆಕ್ಕ ಹಾಕಿ. ನಟರಲ್ಲೂ ಹಾಗೆಯೇ. ಯುಜೆಫ್ ನೋವಾಕ್ ಎಂಬ ಇನ್ನೊಬ್ಬ ನಟ ಇದ್ದರು. ಯೆಜಿಗೂ ಯುಜೆಫ್‌ಗೂ ಪೋಲಿಷ್‌ನಲ್ಲಿ ಮೊದಲ ಅಕ್ಷರ ಒಂದೇ. ಪತ್ರಿಕೆಗಳು ಬರೀ ಇನಿಶಿಯಲ್ ಹಾಕಿದರೆ ಯಾರೆಂದು ಹೇಳುವುದು? ಆನ್‌ಲೈನ್ ಹರಾಜಿನಲ್ಲಿ ಹಳೇ ಫೋಟೋ, ಕತ್ತರಿಸಿದ ಪತ್ರಿಕೆ ತುಣುಕುಗಳ ಒಂದು ಕಟ್ಟು 400 ಜ್ವೋತಿಗೆ ಕೊಂಡೆ. 'ನಟ ನೋವಾಕ್ ಸಂಗ್ರಹ' ಎಂದು ಹಾಕಿದ್ದರು. ಬಿಚ್ಚಿ ನೋಡಿದರೆ ಅರ್ಧದಷ್ಟು ಬೇರೆ ನೋವಾಕರದು, ಒಬ್ಬರಂತೂ ಫುಟ್‌ಬಾಲ್ ಆಡುವವರು. ಮಾರಿದವರು ದುಡ್ಡು ವಾಪಸ್ ಕೊಡಲಿಲ್ಲ. ಅಂದು ಬಹಳ ಬೇಜಾರಾಯಿತು.

ತಿರುವು ಬಂದದ್ದು ವ್ಯಾಕರಣದಿಂದ. ಪೋಲಿಷ್‌ನಲ್ಲಿ ನಮ್ಮ ಹಾಗೆಯೇ ವಿಭಕ್ತಿ ಇದೆ, ಏಳು. ಜನರ ಹೆಸರಿಗೂ ಹತ್ತುತ್ತದೆ. ರಾಮ, ರಾಮನನ್ನು, ರಾಮನಿಗೆ ಎಂದ ಹಾಗೆ ನೋವಾಕ್, ನೋವಾಕಾ, ನೋವಾಕೋವಿ, ನೋವಾಕ್ಯೆಮ್, ನೋವಾಕು. ಯೆಜಿ ಕೂಡ ಯೆಜೆಗೊ, ಯೆಜೆಮು, ಯೆಜಿಮ್ ಆಗುತ್ತದೆ. ನಾನು ಹಳೇ ಪತ್ರಿಕೆಗಳಲ್ಲಿ ಎಂಟು ತಿಂಗಳು ಬರೀ 'ಯೆಜಿ ನೋವಾಕ್' ಎಂದೇ ಹುಡುಕುತ್ತಿದ್ದೆ. ವಿಮರ್ಶಕ ಯಾಕೆ ಹಾಗೆ ಬರೆಯುತ್ತಾನೆ? 'ಯೆಜೆಗೊ ನೋವಾಕಾ ಅಭಿನಯದಲ್ಲಿ' ಎಂದು ಷಷ್ಠಿಯಲ್ಲಿ ತಾನೇ ಬರೆಯುವುದು. ಅಷ್ಟನ್ನೂ ನಾನು ಬಿಟ್ಟುಕೊಂಡು ಕೂತಿದ್ದೆ.

ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿತ್ತು. ಹೆಂಗಸರ ಹೆಸರಾದರೆ ನೋವಾಕ್ ಬದಲಾಗುವುದೇ ಇಲ್ಲ. ಯಾವ ವಿಭಕ್ತಿಯಲ್ಲೂ ನೋವಾಕ್ ನೋವಾಕೇ. ಅಂದರೆ 'ನೋವಾಕಾ' ಎಂದು ಕಂಡರೆ ಅದು ಗಂಡಸೇ. ಒಂದೇ ಏಟಿಗೆ ಸಾಲುಗಳು ಅರ್ಧಕ್ಕರ್ಧ ಕಡಿಮೆಯಾದವು. ಮೇಷ್ಟ್ರಿಗೆ ತೋರಿಸಿದೆ. "ಹುಟ್ಟಿದಾಗಿನಿಂದ ಮಾತಾಡ್ತಾ ಇದೀನಿ, ಇದನ್ನ ಜರಡಿ ಥರ ಬಳಸಬಹುದು ಅಂತ ಹೊಳೆದಿರಲಿಲ್ಲ" ಎಂದರು. ಕನ್ನಡ ಶಾಲೆಯಲ್ಲಿ ವಿಭಕ್ತಿ ಬಾಯಿಪಾಠ ಮಾಡಿದ್ದು ನನಗೆ ಇಲ್ಲಿ ದುಡಿಯಿತು ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ.

ಹಳೇ ಕ್ರಾಕೋವ್ ಪತ್ರಿಕೆಗಳು ಇಲ್ಲಿನ ಪ್ರಾಂತ್ಯದ ಡಿಜಿಟಲ್ ಗ್ರಂಥಾಲಯದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. 'ಜೆನ್ನಿಕ್ ಪೋಲ್ಸ್ಕಿ', 'ಎಖೋ ಕ್ರಾಕೋವಾ' ಎರಡನ್ನೂ ನೋಡಿದೆ. ಆ ಕಾಲದ ಕಾಗದ ಕಳಪೆ, ಮಸಿ ಹರಡಿದೆ. ಓಸಿಆರ್, ಅಂದರೆ ಪುಟದ ಚಿತ್ರದಿಂದ ಅಕ್ಷರ ಓದುವ ಸಾಫ್ಟ್‌ವೇರ್, ಎಷ್ಟೋ ಕಡೆ 'ನೋವಾಕ್'ನ ಕೊನೆಯ ಅಕ್ಷರವನ್ನು ಎರಡಾಗಿ ಒಡೆದು ಓದುತ್ತದೆ. ಅಂಥ ತಪ್ಪು ರೂಪಗಳ ಒಂದು ಪಟ್ಟಿಯನ್ನೇ ಮಾಡಿಕೊಂಡೆ, ಮೂವತ್ತರ ಹತ್ತಿರ ಇವೆ. ಆ ಪಟ್ಟಿ ಸದ್ಯಕ್ಕೆ ಯಾರಿಗೂ ಕೊಡುವುದಿಲ್ಲ. ಬೆವರು ಸುರಿಸಿ ಮಾಡಿದ್ದು.

ಇನ್ನು ಎಲ್ಲರೂ ಆಗಲ್ಲ ಎಂದಿದ್ದ ಭಾಗಕ್ಕೆ ಬರುತ್ತೇನೆ: ಸಂಜೆಗಳ ಕ್ಯಾಲೆಂಡರ್. ನಮ್ಮ ನರಸಿಂಹರಾಜು, ಬಾಲಕೃಷ್ಣ ನಾಟಕ ಕಂಪನಿಯಿಂದ ಸಿನಿಮಾಕ್ಕೆ ಬಂದರು, ಆಮೇಲೆ ಸಿನಿಮಾವೇ ಅವರ ಮನೆಯಾಯಿತು. ಪೋಲೆಂಡಿನ ನಟರು ಹಾಗೆ ಮಾಡಬೇಕಿರಲಿಲ್ಲ. ರಂಗಮಂದಿರದಲ್ಲಿ ಕಾಯಂ ನೌಕರಿ, ತಿಂಗಳ ಸಂಬಳ. ಸಿನಿಮಾ ಎಂದರೆ ಮೇಲುಸಂಪಾದನೆ. ಸಂಜೆ ಏಳರ ಹೊತ್ತಿಗೆ ಕ್ರಾಕೋವ್‌ನಲ್ಲಿ ಬಣ್ಣ ಹಚ್ಚಬೇಕಾದವರು ಹಗಲು 250 ಕಿ.ಮೀ. ಆಚೆ ವುಚ್‌ನಲ್ಲಿ ಎಷ್ಟು ಹೊತ್ತು ನಿಲ್ಲಬಹುದು? ಹಾಗಾಗಿ ಪಾತ್ರ ಚಿಕ್ಕದಾಗುವುದಕ್ಕೆ ಪ್ರತಿಭೆ ಕಡಿಮೆ ಇದ್ದದ್ದು ಕಾರಣವಲ್ಲ, ದಿನ ಕಡಿಮೆ ಇದ್ದದ್ದು ಕಾರಣ. ಈ ಮಾತನ್ನು ಒತ್ತಿ ಹೇಳಬೇಕು ಅನಿಸುತ್ತದೆ, ಯಾಕೆಂದರೆ ಎಲ್ಲರೂ ಇವರನ್ನು ಎರಡನೇ ದರ್ಜೆಯವರು ಎಂದು ತಿಳಿಯುತ್ತಾರೆ.

ಪತ್ರಿಕೆಯಲ್ಲಿ ದಿನವೂ ಇವತ್ತು ಯಾವ ರಂಗಮಂದಿರದಲ್ಲಿ ಯಾವ ನಾಟಕ ಎಂದು ಬರುತ್ತದೆ. ಅದನ್ನು ದಿನದಿನವೂ ಇಳಿಸಿಕೊಂಡೆ. ನಾಟಕದ ಪ್ರೋಗ್ರಾಂ ಪುಸ್ತಕದಿಂದ ಅದರಲ್ಲಿ ನೋವಾಕ್ ಇದ್ದಾರೋ ಇಲ್ಲವೋ ನೋಡಿದೆ. ಎರಡನ್ನೂ ಸೇರಿಸಿದರೆ ಅವರ ಸಂಜೆಗಳು ಸಿಕ್ಕವು. ಒಂದು ಸಿನಿಮಾದ ಚಿತ್ರೀಕರಣ ಎಲ್ಲಿ, ಯಾವಾಗ ಎಂದು ಗೊತ್ತಿದ್ದರೆ ತಾಳೆ ಹಾಕಬಹುದು. ತಾಳೆಯಾಗದ 'ಜೆ. ನೋವಾಕ್' ಅವರಲ್ಲ. ಎಪ್ಪತ್ತರ ದಶಕದ ಸುಮಾರು 2,000 ಸಂಜೆಗಳನ್ನು ಹೀಗೆ ತುಂಬಿದೆ.

ಇದರಲ್ಲೂ ಒಮ್ಮೆ ಎಡವಿದೆ. ಒಂದೇ ಪಾತ್ರವನ್ನು ಇಬ್ಬರು ನಟರು ಸರದಿಯಲ್ಲಿ ಮಾಡುವುದುಂಟು, ಹುಷಾರು ತಪ್ಪಿದರೆ ಇನ್ನೊಬ್ಬರು ಬರುವುದುಂಟು. ನಾಟಕ ಇತ್ತು ಎಂದ ಮಾತ್ರಕ್ಕೆ ಅವರು ರಂಗದ ಮೇಲಿದ್ದರು ಎಂದಾಗಲಿಲ್ಲ. ಹಾಗೆ ಎರಡು ಸಿನಿಮಾಗಳನ್ನು ಸುಮ್ಮನೆ ಹೊಡೆದುಹಾಕಿದ್ದೆ, ಮತ್ತೆ ಸೇರಿಸಬೇಕಾಯಿತು. ಪ್ರೋಗ್ರಾಂ ಪುಸ್ತಕದೊಳಗೆ ಆ ದಿನದ ನಟರ ಹೆಸರಿರುವ ಬಿಡಿ ಹಾಳೆಯೊಂದು ಮಡಚಿಟ್ಟಿರುತ್ತದೆ, ಅದು ಉತ್ತರ ಕೊಡುತ್ತದೆ. ಆದರೆ ಹಾಳೆಯ ಮೇಲೆ ಎಷ್ಟೋ ಸಲ ತಾರೀಖು ಇರುವುದಿಲ್ಲ. ತಾರೀಖಿಲ್ಲದ ಹಾಳೆ ಯಾವ ವಾರದ್ದು ಎಂದು ಕಂಡುಹಿಡಿಯಲು ನನ್ನದೇ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಎರಡನೇ ಪುರಾವೆಗೆ ಹತ್ತಿರದ ದಾರಿ ನಿರ್ದೇಶಕರದು. ವಾಯ್ದಾ 1971ರಲ್ಲಿ ಸ್ತಾರಿ ತೇಆತ್ರ್‌ಗೆ ದಾಸ್ತಯೇವ್‌ಸ್ಕಿಯ ಕಾದಂಬರಿಯನ್ನು ನಾಟಕವಾಗಿ ಆಡಿಸಿದರು. ಅದರಲ್ಲಿ ಮಿಂಚಿದ ಪ್ಶೋನ್ಯಾಕ್ ನಾಲ್ಕು ವರ್ಷಕ್ಕೆ 'ವಾಗ್ದತ್ತ ಭೂಮಿ'ಯ ಮೂವರು ನಾಯಕರಲ್ಲಿ ಒಬ್ಬ. 'ಅಮಾತೋರ್'ನ ನಾಯಕ ಸ್ತೂರ್ ಕೂಡ ಅದೇ ರಂಗಮಂದಿರದವರು. ನಿರ್ದೇಶಕ ಆ ಮನೆಯ ಬಾಗಿಲು ತಟ್ಟಿದ್ದಾನೆ ಎಂದರೆ ಚಿಕ್ಕ ಪಾತ್ರಗಳಿಗೂ ಅಲ್ಲಿಂದಲೇ ಜನ ಹೋಗಿರುತ್ತಾರೆ. ನಾನು ಹುಡುಕುವ ಸಿನಿಮಾಗಳ ಸಾಲನ್ನು ಹೀಗೆ ಕಟ್ಟಿಕೊಂಡೆ.

ನಡುವೆ ದಾರಿ ತಪ್ಪಿ, ಈಗ ಕ್ರಾಕೋವ್‌ನೊಳಗೇ ಇರುವ ಹಳೇ ಹಳ್ಳಿ ಬ್ರೊನೊವಿತ್ಸೆಗೂ ಹೋದೆ. 1900ರಲ್ಲಿ ಕವಿಯೊಬ್ಬ ಹಳ್ಳಿ ಹುಡುಗಿಯನ್ನು ಮದುವೆಯಾದ, ಮದುವೆಯ ಔತಣ ಅಲ್ಲಿನ ಒಂದು ಮನೆಯಲ್ಲಿ ನಡೆಯಿತು. ಮದುವೆಗೆ ಬಂದಿದ್ದ ವಿಸ್ಪ್ಯಾನ್ಸ್ಕಿ ಅದನ್ನೇ 'ಮದುವೆ' ಎಂಬ ನಾಟಕ ಮಾಡಿದ. ಅದರಲ್ಲಿ ಒಬ್ಬ ಯೆಹೂದಿ ಹೆಂಡದಂಗಡಿಯವನಿದ್ದಾನೆ. ನಾಟಕದಿಂದ ಆ ಮನುಷ್ಯನ ನಿಜಬಾಳು ಏನಾಯಿತು ಎಂಬ ಏಕವ್ಯಕ್ತಿ ಪ್ರದರ್ಶನವನ್ನು ನೋವಾಕ್ ಮುದಿವಯಸ್ಸಿನಲ್ಲಿ ವರ್ಷಗಟ್ಟಲೆ ಮಾಡಿದರು. ಆ ಮನೆ ಈಗ ಮ್ಯೂಸಿಯಂ. ಟ್ರಾಮ್ ಹತ್ತಿ ಹೋಗಿ ಅರ್ಧ ದಿನ ಅಲ್ಲಿದ್ದೆ. ಪಟ್ಟಿಗೆ ಒಂದು ಸಾಲೂ ಸಿಗಲಿಲ್ಲ. ಆದರೂ ಹೋದದ್ದಕ್ಕೆ ಖುಷಿಯಿದೆ. ಬೇರೆಯವರ ನಾಟಕದಲ್ಲಿ ಚಿಕ್ಕ ಪಾತ್ರವಾಗಿ ಸಿಕ್ಕಿಬಿದ್ದ ಮನುಷ್ಯನೊಬ್ಬನ ಪಾಡನ್ನು ಹೇಳಲು ಇವರಿಗಿಂತ ತಕ್ಕ ನಟ ಯಾರಿದ್ದಾರೆ?

ದುಡ್ಡಿನ ಲೆಕ್ಕ ಕೇಳುವವರಿಗೆ: ಹಳೇ ಪುಸ್ತಕದಂಗಡಿಗಳಲ್ಲಿ ಪ್ರೋಗ್ರಾಂ ಒಂದಕ್ಕೆ 5ರಿಂದ 15 ಜ್ವೋತಿ, ನೂರರ ಮೇಲೆ ಕೊಂಡೆ. ಡಿವಿಡಿಗಳಿಗೆ ಸಾವಿರದಷ್ಟು. ವುಚ್‌ಗೆ ಮೂರು ಸಲ, ವಾರ್ಸಾಗೆ ನಾಲ್ಕು ಸಲ ಓಡಾಟ. ಕೈಬರಹ ಓದಿಸಲು ಒಬ್ಬ ವಿದ್ಯಾರ್ಥಿಗೆ ಗಂಟೆ ಲೆಕ್ಕದಲ್ಲಿ ಕೊಟ್ಟದ್ದು. ಸರ್ವರ್, ಹರಾಜಿನ ಕಟ್ಟು ಎಲ್ಲ ಸೇರಿ 6,000 ಜ್ವೋತಿ ಹತ್ತಿರ ಆಗಿರಬೇಕು. ನಮ್ಮ ದುಡ್ಡಲ್ಲಿ ಒಂದೂಕಾಲು ಲಕ್ಷ. ಮೊದಲೇ ವಿಭಕ್ತಿ ಹೊಳೆದಿದ್ದರೆ ಇದರ ಮೂರನೇ ಒಂದು ಭಾಗದಲ್ಲಿ ಮುಗಿಯುತ್ತಿತ್ತು.

ಫಲ ಇಷ್ಟು. ನಾನು ಮೊದಲು ಕೂಡಿಸಿಕೊಂಡಿದ್ದ ಪಟ್ಟಿಯಲ್ಲಿ ಹನ್ನೊಂದು ಸಾಲು ಬೇರೆ ನೋವಾಕರದು ಎಂದು ಸಾಬೀತಾಗಿ ಹೋದವು. ಹೆಸರೇ ಹಾಕದ ಮೂರು ಪಾತ್ರಗಳು ಹೊಸದಾಗಿ ಸಿಕ್ಕವು. ಆ ಮೂರನ್ನು ಈಗಲೇ ಹೇಳುವುದಿಲ್ಲ, ಪುರಾವೆಯನ್ನು ಇನ್ನಿಬ್ಬರು ನೋಡುತ್ತಿದ್ದಾರೆ. ಸಾಗರದ ಗೆಳೆಯನಿಗೆ ಒಂದು ಫ್ರೇಮ್, ಒಂದು ಬಿಡಿ ಹಾಳೆ, ಒಂದು ಪತ್ರಿಕೆ ತುಣುಕು ಒಟ್ಟಿಗೆ ಕಳಿಸಿದೆ. ರಾತ್ರಿ ಹನ್ನೆರಡಕ್ಕೆ ಫೋನ್ ಮಾಡಿ, "ಕ್ಯಾಲೆಂಡರ್ ಹೇಗೆ ಮಾಡೋದು ಅಂತ ಹೇಳಿಕೊಡು" ಎಂದ.

ನೋವಾಕ್ ತಮ್ಮ ದೇಹವನ್ನು ಯಾಗೆಲೋನಿಯನ್ ವಿಶ್ವವಿದ್ಯಾಲಯದ ವೈದ್ಯ ವಿದ್ಯಾರ್ಥಿಗಳಿಗೆ ಕೊಡಲು ತೀರ್ಮಾನಿಸಿದ್ದರು. ಆ ತೀರ್ಮಾನದ ಬಗ್ಗೆ ಮಾರ್ಚಿನ್ ಕೊಶಾವ್ಕಾ 2007ರಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿದ್ದಾರೆ. ಅದು ಅವರೇ ಕೇಂದ್ರದಲ್ಲಿರುವ ಸಿನಿಮಾ. ನನ್ನ ಪಟ್ಟಿಯಲ್ಲಿ ಅದನ್ನು ಎಲ್ಲಿ ಇಡುವುದೆಂದು ಬಹಳ ಯೋಚಿಸಿದೆ. ಅದರಲ್ಲಿ ಅವರು ಪಾತ್ರ ಮಾಡಿಲ್ಲವಲ್ಲ, ಹಾಗಾಗಿ ಪ್ರತ್ಯೇಕ ಹಾಳೆಯಲ್ಲಿ ಬರೆದೆ.

ಪಟ್ಟಿ ಆಯಿತಾದರೂ ಕ್ಯಾಲೆಂಡರಿನಲ್ಲಿ ಅರವತ್ತರ ದಶಕದ ಸಂಜೆಗಳು ಇನ್ನೂ ಬಾಕಿ. 1968ರಿಂದ ಹಿಂದಕ್ಕೆ ಹೋಗುತ್ತಿದ್ದೇನೆ. ಆ ವರ್ಷದ ಮಾರ್ಚ್ ತಿಂಗಳ ಪ್ರೋಗ್ರಾಂ ಹಾಳೆ ಯಾರ ಬಳಿಯಾದರೂ ಇದ್ದರೆ ತಿಳಿಸಿ, ಎಪ್ಪತ್ತರ ದಶಕದ ಎರಡನೇ ಪ್ರತಿಗಳು ನನ್ನ ಹತ್ತಿರ ಇಪ್ಪತ್ತರಷ್ಟಿವೆ, ಬದಲು ಮಾಡಿಕೊಳ್ಳೋಣ.