ಆಕ್ಯುಲಿಯಾ ಗೂಡಿಗೆ ನೀರು ಕುಡಿಸಿದ ಲೆಕ್ಕ

ಪತಂಗದ ರೇಷ್ಮೆಗೂಡಿಗೆ ನೀರು ತಾಗಿಸಿದರೆ ಬೂಷ್ಟು ಹಿಡಿಯುತ್ತದೆ ಅಂದವರೇ ಎಲ್ಲ. ಈ ಸಲ 40 ಗೂಡಿನಲ್ಲಿ 33–34 ಪತಂಗ ಹೊರಬಂದಿವೆ, ರೆಕ್ಕೆ ಸುಕ್ಕಿಲ್ಲದೆ. ಟಸರ್ ಎಂಬ ಕಾಡು ರೇಷ್ಮೆಯ ಕುಲದ್ದೇ ಆದ ಆಂಥೆರಿಯಾ ಆಕ್ಯುಲಿಯಾ ಇದು. ಅಮೆರಿಕದ ದಕ್ಷಿಣ ಅರಿಜೋನಾದ ಸಾಂಟಾ ರೀಟಾ, ಹುವಾಚುಕಾ ಬೆಟ್ಟಗಳ ಓಕ್ ಕಾಡಿನದು.

ಮೊದಲೆರಡು ಚಳಿಗಾಲ ಗೂಡುಗಳು ಫ್ರಿಜ್ಜಿನಲ್ಲಿದ್ದವು. ಹಿಮ ಕಟ್ಟದ ಫ್ರಿಜ್ಜು ತೇವವನ್ನೆಲ್ಲ ಎಳೆದುಬಿಡುತ್ತದೆ. ಏಪ್ರಿಲಿನಲ್ಲಿ ಕುಲುಕಿದರೆ ಒಣ ಕಡಲೆಕಾಯಿಯ ಸದ್ದು: ಒಳಗಿನ ಜೀವ ಒಣಗಿಹೋಗಿತ್ತು. ಮೂರನೇ ವರ್ಷ ಮುಚ್ಚಿದ ಡಬ್ಬಿ, ಒದ್ದೆ ಬಟ್ಟೆ: ಪೂರಾ ಬೂಷ್ಟು. ಕೆಡಿಸಿದ್ದು ನೀರಲ್ಲ, ಗಾಳಿ ಆಡದಿದ್ದುದು.

ಈಗ ಗೂಡುಗಳು ಹೊರಗೇ, ಉತ್ತರದ ಗೋಡೆಯ ನೆರಳಿನಲ್ಲಿ, ಪರದೆ ಪಂಜರದೊಳಗೆ. ಮಾರ್ಚ್‌ವರೆಗೆ 15 ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ, ಬೆಳಿಗ್ಗೆ ಅರ್ಧ ನಿಮಿಷ ನೀರಿನಲ್ಲಿ ಅದ್ದುತ್ತೇನೆ. ಮಧ್ಯಾಹ್ನದೊಳಗೆ ಒಣಗಲೇಬೇಕು. ಜೂನ್ ಕೊನೆಯಿಂದ ದಿನಾ ಸಂಜೆ ಸಿಂಪಡಿಕೆ, ಅರಿಜೋನಾದ ಮಳೆಗಾಲದ ಲೆಕ್ಕಕ್ಕೆ. ಎರಡು ವಾರದಲ್ಲಿ ಪತಂಗ ಬರತೊಡಗುತ್ತವೆ. ಅದ್ದುವ ನೀರಿಗೆ ಒಂದು ವಸ್ತು ಸೇರಿಸುತ್ತೇನೆ, ಅದು ಸದ್ಯ ನನ್ನಲ್ಲೇ ಇರಲಿ.

ಜೋಡಿ, ಮೊಟ್ಟೆಯ ವಿಷಯ ಇಲ್ಲಿ ಬಿಡುತ್ತೇನೆ. ಕಷ್ಟವೆಲ್ಲ ಚಾಕಿಯಲ್ಲಿ, ಅಂದರೆ ಎಳೆ ಹುಳು ಸಾಕುವ ಹಂತದಲ್ಲಿ. ಹುಳು ತಿನ್ನುವ ಎಮರಿ ಓಕಿನ ಬಲಿತ ಎಲೆ ತೊಗಲಿನಷ್ಟು ಗಟ್ಟಿ. ಅದನ್ನು ಹಾಕಿದ ತಂಡದಲ್ಲಿ ಅರ್ಧಕ್ಕರ್ಧ ಹಲ್ಲೂರದೆ ಸತ್ತವು. ಮೊದಲ ಜ್ವರ (ಪೊರೆ ಬಿಡುವ ನಿದ್ದೆ) ಏಳುವವರೆಗೆ ಮಳೆಗೆ ಒಡೆದ ಚಿಗುರೇ ಆಗಬೇಕು. ಎರಡನೇ ಜ್ವರ ಎದ್ದ ಮೇಲೆ ಮರದ ಕೊಂಬೆಗೇ ಪರದೆ ಚೀಲ: ಒಂದು ಮೀಟರಿನ ಚೀಲಕ್ಕೆ 12 ಹುಳು, ಜಾಸ್ತಿ ಬೇಡ. 25 ಬಿಟ್ಟಾಗ ಸಪ್ಪೆರೋಗ (ಹುಳು ಮೆತ್ತಗಾಗಿ ಕೊಳೆಯುವ ರೋಗ) ಬಂದು ಚೀಲವೇ ನಾರಿತು. ಹುಳುವಿನ ಮೇಲೆ ಮೊಟ್ಟೆಯಿಡುವ ಊಜಿಯಂಥ ನೊಣ ಅರಿಜೋನಾದಲ್ಲೂ ಇದೆ, ಅದನ್ನು ಚೀಲ ತಡೆಯುತ್ತದೆ. ಬೇಟೆಯಾಡುವ ತಿಗಣೆಯನ್ನು ತಡೆಯುವುದಿಲ್ಲ: ಹುಳು ಪರದೆಗೆ ಒರಗಿದ್ದರೆ ಹೊರಗಿಂದಲೇ ಚುಚ್ಚಿ ಹೀರುತ್ತದೆ. ಒಳಗೆ ತಂತಿಯ ಬಳೆ ಕೂರಿಸಿ ಬಟ್ಟೆಯನ್ನು ಎಲೆಯಿಂದ ದೂರ ಹಿಡಿದ ಮೇಲೆ ಆ ನಷ್ಟ ನಿಂತಿತು. ಸಿದ್ಧ ಚೀಲಗಳಿಗೆ ಮೊದಲ ವರ್ಷ 180 ಡಾಲರ್ ಹೋಯಿತು. ಈಗ ಪರದೆ ಬಟ್ಟೆ ತಂದು ಹೊಲಿಯುತ್ತೇನೆ, ಚೀಲಕ್ಕೆ ಮೂರು ಡಾಲರ್ ಬಿದ್ದರೆ ಹೆಚ್ಚು.

ಅರಿಜೋನಾ ಅಕ್ರೋಟು ಎಲೆಯನ್ನೂ ನೋಡಿದೆ. ಹುಳು ನಾಲ್ಕೈದು ದಿನ ಬೇಗ ಹಣ್ಣಾಗುತ್ತದೆ (ಗೂಡು ಕಟ್ಟಲು ಸಿದ್ಧವಾಗುತ್ತದೆ), ಆದರೆ ಕತ್ತರಿಸಿದ ಕೊಂಬೆ ಅರ್ಧ ದಿನಕ್ಕೆ ಬಾಡುತ್ತದೆ. ಮರದ ಮೇಲೇ ಚೀಲ ಕಟ್ಟುವವರಿಗೆ ಮಾತ್ರ ಅದು.

ಪತಂಗ ತೂರಿಹೋದ 30 ಗೂಡುಗಳನ್ನು ಬಟ್ಟೆಸೋಡಾ ಹಾಕಿ ಮುಕ್ಕಾಲು ಗಂಟೆ ಕುದಿಸಿದೆ. ಎಳೆ ಬಿಚ್ಚಲು ಬರಲಿಲ್ಲ, ಅರಳೆಯಂತೆ ಹಿಂಜಿ ನೂತರೆ ಬರುತ್ತದೆ. ಹತ್ತು ಗ್ರಾಮಿನ ಆಸುಪಾಸು ನೂಲು, ತಿಳಿ ಕಂದು ಬಣ್ಣ.